ಆ ಆರರಲ್ಲಿ ಮೊದಲನೆಯದು

ಮದ್ರಸದಲ್ಲಿ ಓದಿದ ನಮ್ಮ ಬ್ಯಾರಿ ಹುಡುಗಿಯರನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳುತ್ತಾರೆ, ಗುಸ್ಲ್, ಅಂದರೆ ಶುದ್ಧಿಗಾಗಿ ಇಡೀ ಮೈಗೆ ಮಾಡುವ ಸ್ನಾನ, ಕಡ್ಡಾಯವಾಗುವುದು ಆರು ಕಾರಣಕ್ಕೆ. ಸಂಭೋಗ, ವೀರ್ಯಸ್ಖಲನ, ಮುಟ್ಟು, ಹೆರಿಗೆ, ಹೆರಿಗೆ ನಂತರದ ರಕ್ತಸ್ರಾವ, ಮರಣ. ಅರಬಿಯಲ್ಲಿ ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ನಾನೂ ಹನ್ನೊಂದನೇ ವಯಸ್ಸಿಗೆ ಹಾಗೆಯೇ ಒಪ್ಪಿಸಿದವಳು.

ಮಂಗಳೂರಿನಲ್ಲಿ ಹೆರಿಗೆ ವಾರ್ಡಿನ ನರ್ಸ್ ಆಗಿ ಹತ್ತು ವರ್ಷ ಕಳೆದ ಮೇಲೆ, 2014ರಲ್ಲಿ, ಬಂದರಿನ ಹತ್ತಿರದ ಒಂದು ಹಾಲ್‌ನಲ್ಲಿ ಮದುವೆ ಗೊತ್ತಾದ ಹುಡುಗಿಯರಿಗೆ ತರಗತಿ ಶುರು ಮಾಡಿದೆ. ಮದುವೆಯಾಗಿ ತಿಂಗಳಾದರೂ ಗಂಡನ ಹತ್ತಿರ ಹೋಗಲು ಹೆದರುವ ಹುಡುಗಿಯರನ್ನು ಆಸ್ಪತ್ರೆಯಲ್ಲಿ ನೋಡಿ ನೋಡಿ ಸಾಕಾಗಿತ್ತು. ಮೊದಲ ದಿನ ಗರ್ಭಕೋಶದ ದೊಡ್ಡ ಚಾರ್ಟ್ ತಗೊಂಡು ಹೋಗಿದ್ದೆ. ಹನ್ನೆರಡು ಹುಡುಗಿಯರು, ಎಲ್ಲರೂ ನೆಲ ನೋಡ್ತಾ ಕೂತರು. ಅರ್ಧ ಗಂಟೆ ಗೋಡೆಗೆ ಪಾಠ ಮಾಡಿದ ಹಾಗಾಯಿತು.

ಕೊನೆಗೆ ಚಾರ್ಟ್ ಸುತ್ತಿಟ್ಟು, "ಗುಸ್ಲ್ ಎಷ್ಟಕ್ಕೆ ಕಡ್ಡಾಯ?" ಅಂತ ಕೇಳಿದೆ. ಕೂಡಲೇ ಹನ್ನೆರಡೂ ಬಾಯಿ ಒಟ್ಟಿಗೆ ತೆರೆಯಿತು. ಆರನ್ನೂ ಹೇಳಿದರು. "ಸರಿ, ಮೊದಲನೆಯದು ಅಂದ್ರೆ ಎಂತ?" ಮತ್ತೆ ಮೌನ. ಒಬ್ಬಳು ಮಾತ್ರ ಮೆಲ್ಲ, "ಅದು ಮದುವೆ ಆದವರಿಗೆ ಮೇಡಂ" ಅಂದಳು. ಅವಳ ನಿಕಾಹ್‌ಗೆ ಒಂಬತ್ತು ದಿನ ಬಾಕಿ ಇತ್ತು.

ಆವತ್ತಿನಿಂದ ಚಾರ್ಟ್ ಬೀರುವಿನ ಮೇಲೆಯೇ ಉಂಟು. ಅವರಿಗೆ ಮೊದಲೇ ಗೊತ್ತಿರುವ ಪಾಠದಿಂದಲೇ ನಾನು ಶುರು ಮಾಡುತ್ತೇನೆ. ಕನಸಿನಲ್ಲಿ ಸ್ಖಲನವಾದರೆ ಹೆಣ್ಣಿಗೂ ಸ್ನಾನ ಬೇಕಾ ಅಂತ ಪ್ರವಾದಿಯವರ ಎದುರಲ್ಲೇ ಕೇಳಿದ ಉಮ್ಮು ಸುಲೈಮ್ ಅವರ ಹದೀಸ್ ಹೇಳುತ್ತೇನೆ. "ಸತ್ಯದ ವಿಷಯದಲ್ಲಿ ಅಲ್ಲಾಹನಿಗೆ ಸಂಕೋಚವಿಲ್ಲ" ಅಂತ ಹೇಳಿಯೇ ಆಕೆ ಪ್ರಶ್ನೆ ಕೇಳಿದ್ದು. ಇದನ್ನು ಕೇಳಿದ ಮೇಲೆ ಹುಡುಗಿಯರ ಕುತ್ತಿಗೆ ಸ್ವಲ್ಪ ಮೇಲೆ ಬರುತ್ತದೆ.

ಮುಟ್ಟಿನ ವಿಷಯದಲ್ಲಿ ಒಂದು ತೊಡಕು ಜಾಸ್ತಿ ಕಂಡಿದ್ದೇನೆ. ನಾವು ಅನುಸರಿಸುವ ಶಾಫಿ ಫಿಕ್ಹ್ (ಧರ್ಮಶಾಸ್ತ್ರ) ಪ್ರಕಾರ ಮುಟ್ಟು ಹೆಚ್ಚೆಂದರೆ 15 ದಿನ. ಹಾಗಾಗಿ ಹನ್ನೆರಡು ದಿನ ರಕ್ತ ಹೋದರೂ "ಹದಿನೈದರ ಒಳಗೆ ಉಂಟಲ್ವಾ" ಅಂತ ಸುಮ್ನೆ ಇರುತ್ತಾರೆ. ಆ ಹದಿನೈದು ನಮಾಜಿನ ಲೆಕ್ಕ, ಆರೋಗ್ಯದ ಸರ್ಟಿಫಿಕೇಟ್ ಅಲ್ಲ ಮಾರಾಯ್ರೆ! ಏಳೆಂಟು ದಿನ ದಾಟಿದರೆ ಡಾಕ್ಟರನ್ನು ನೋಡಿ ಅಂತ ಬೋರ್ಡಿನಲ್ಲಿ ಬರೆದೇ ಹೇಳುತ್ತೇನೆ.

ಮೊದಲ ರಾತ್ರಿಯ ಮಾತಿಗೆ ನಾನು ಜಾಸ್ತಿ ಸಮಯ ಕೊಡುತ್ತೇನೆ. ಎಷ್ಟೋ ಹೆಣ್ಣುಮಕ್ಕಳಿಗೆ ಮೊದಲ ಸಲ ರಕ್ತ ಬರುವುದೇ ಇಲ್ಲ, ಅದರಿಂದ ಯಾವುದೂ ಸಾಬೀತಾಗುವುದಿಲ್ಲ. ಹೆದರಿಕೆಗೆ ಯೋನಿಯ ಸುತ್ತಲಿನ ಸ್ನಾಯು ತಾನಾಗಿ ಬಿಗಿಯುತ್ತದೆ, ಅದಕ್ಕೆ ವೆಜಿನಿಸ್ಮಸ್ ಅನ್ನುತ್ತಾರೆ. ಅದು ಹಠ ಅಲ್ಲ, ಜಿನ್ನ್ ಅಂತೂ ಅಲ್ಲವೇ ಅಲ್ಲ. ಉಸಿರಾಟ, ಸ್ನಾಯು ಸಡಿಲಿಸುವ ವ್ಯಾಯಾಮ, ನಿಧಾನ, ಇವುಗಳಿಂದ ಎಷ್ಟೋ ಜನರಿಗೆ ಗುಣವಾಗುತ್ತದೆ. ಗಂಡ ಹೆಂಡತಿ ಒಬ್ಬರಿಗೊಬ್ಬರು ಉಡುಪು ಅಂತ ಕುರ್‌ಆನಿನ ಎರಡನೇ ಅಧ್ಯಾಯದಲ್ಲಿ ಇದೆಯಲ್ಲ. ನೋವಾಗುವ ಉಡುಪನ್ನು ಯಾರು ಹಾಕುತ್ತಾರೆ ಅಂತ ಕೇಳಿದರೆ ನಗುತ್ತಾರೆ. ಬೇಡ ಅನ್ನುವ ಹಕ್ಕಿನ ಮಾತು ಆ ನಗುವಿನ ನಡುವೆ ಸಲೀಸಾಗಿ ಒಳಗೆ ಹೋಗುತ್ತದೆ. ಗರ್ಭನಿರೋಧಕದ ಬಗ್ಗೆ ಹೇಳುವಾಗ ಪ್ರವಾದಿಯವರ ಸಂಗಾತಿಗಳಾದ ಸಹಾಬಿಗಳು ಅಝ್ಲ್ ಮಾಡುತ್ತಿದ್ದ ಹದೀಸ್ ಕೈಗೆ ಬರುತ್ತದೆ. ಆದರೆ ಅಝ್ಲ್ ಅಂದರೆ ಸ್ಖಲನಕ್ಕೆ ಮುಂಚೆ ಹೊರಗೆ ತೆಗೆಯುವುದು, ಅದನ್ನೇ ನಂಬಿ ಕೂತರೆ ಬಸುರಿ ಆಗುವುದು ಕಷ್ಟವೇನಲ್ಲ ಅಂತ ಹೆರಿಗೆ ವಾರ್ಡಿನವಳಾಗಿ ಹೇಳಲೇಬೇಕು.

ಪ್ರಶ್ನೆ ಬರೆದು ಹಾಕಲು ಒಂದು ಬಿಸ್ಕೆಟ್ ಡಬ್ಬಿ ಇಟ್ಟಿದ್ದೆ. ನನ್ನ ದೊಡ್ಡ ತಪ್ಪು ನಡೆದದ್ದು ಅದರಲ್ಲೇ.

2016ರ ಒಂದು ಚೀಟಿ. "ನನಗೆ ನನ್ನ ಫ್ರೆಂಡ್ ಮೇಲೆ ಗಂಡನ ಮೇಲೆ ಆಗುವ ಹಾಗೆ ಆಗ್ತದೆ. ಅವಳೂ ಹುಡುಗಿ. ಇದಕ್ಕೆ ಮದ್ದು ಉಂಟಾ?" ನಾನು ಎಲ್ಲರೆದುರು ಓದಿ, ಯೋಚನೆ ಮಾಡದೆ ಉತ್ತರ ಕೊಟ್ಟೆ. ಈ ವಯಸ್ಸಿನಲ್ಲಿ ಹೀಗೆಲ್ಲ ಇರುತ್ತದೆ, ಮದುವೆಯಾದರೆ ಸರಿಯಾಗುತ್ತದೆ ಅಂದೆ. ಮುಂದಿನ ಚೀಟಿ ತೆಗೆದೆ.

ಎರಡು ವರ್ಷದ ನಂತರ ಆಸ್ಪತ್ರೆಯ ಹೊರಗೆ ಒಬ್ಬಳು ಕಾದಿದ್ದಳು. "ಮೇಡಂ, ಸರಿಯಾಗಲಿಲ್ಲ" ಅಂದಳು. ಏನು ಅಂತ ಹೊಳೆಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಮಾತು ನಂಬಿ ಮದುವೆಗೆ ಒಪ್ಪಿದ್ದಳು. ಈಗ ಖುಲಾ, ಅಂದರೆ ಹೆಂಡತಿಯೇ ಕೇಳುವ ವಿಚ್ಛೇದನ, ಕೇಳಿ ಉಮ್ಮನ ಮನೆಗೆ ವಾಪಸ್ ಬಂದಿದ್ದಳು. "ಅವರು ಒಳ್ಳೆಯವರೇ. ಅವರದ್ದೂ ಹಾಳಾಯ್ತಲ್ಲ" ಅಂತ ಗಂಡನ ಬಗ್ಗೆ ಹೇಳಿ ಅತ್ತಳು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಆ ಮೇಲೆ ನಾನು ಓದಲು ಕೂತೆ. ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಆಕರ್ಷಣೆಯನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟದ್ದು 1990ರಲ್ಲಿ. ನಾನು ನರ್ಸಿಂಗ್ ಕಲಿತದ್ದು ಅದಕ್ಕಿಂತ ಎಷ್ಟೋ ನಂತರ. ಅವಳು ನನ್ನನ್ನು ಹುಡುಕಿ ಬಂದ ಅದೇ ವರ್ಷ, 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿಂದ ಕೂಡುವ ಇಬ್ಬರು ವಯಸ್ಕರನ್ನು 377ನೇ ಸೆಕ್ಷನ್‌ನಲ್ಲಿ ಅಪರಾಧಿ ಮಾಡಬಾರದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಮದುವೆಯ ಹಕ್ಕನ್ನು ಮಾತ್ರ 2023ರಲ್ಲಿ ಅದೇ ಕೋರ್ಟ್ ಕೊಡಲಿಲ್ಲ. "ಸರಿ ಮಾಡುವ" ಚಿಕಿತ್ಸೆ ಕೊಡುವ ವೈದ್ಯರದ್ದು ವೃತ್ತಿ ದುರ್ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಮಗಳನ್ನು ಅಂಥ ಕಡೆ ಕರೆದುಕೊಂಡು ಹೋಗಲು ಹೊರಟ ತಾಯಂದಿರಿಗೆ ನಾನು ಮೊದಲು ಹೇಳುವುದು ಇದನ್ನೇ.

ದೀನಿನ, ಅಂದರೆ ಧರ್ಮದ ಪ್ರಶ್ನೆ ಇಷ್ಟು ಸುಲಭ ಅಲ್ಲ. ಪರಿಚಯದ ಒಬ್ಬ ಹಿರಿಯ ಉಸ್ತಾದರ ಮನೆಗೆ ಹೋಗಿ, ಪರದೆಯ ಈಚೆ ಕೂತು ಕೇಳಿದೆ. ಹೆಣ್ಣು ಗಂಡು ಅಂತ ನಿಖರವಾಗಿ ಹೇಳಲಾಗದ ಶರೀರದೊಂದಿಗೆ ಹುಟ್ಟಿದವರಿಗೆ ಕಿತಾಬಿನಲ್ಲಿ ಖುನ್ಸಾ ಅಂತ ಹೆಸರು ಉಂಟು, ನಮಾಜಿನಲ್ಲಿ ಎಲ್ಲಿ ನಿಲ್ಲಬೇಕು, ಆಸ್ತಿಯಲ್ಲಿ ಪಾಲು ಎಷ್ಟು ಅಂತ ಪುಟಗಟ್ಟಲೆ ಬರೆದಿದ್ದಾರೆ ಅಂದರು. ಸಲಿಂಗ ಸಂಬಂಧ ಹರಾಮ್, ಅದರಲ್ಲಿ ಎರಡು ಮಾತಿಲ್ಲ ಅಂದರು. "ಮನಸ್ಸಿಗೆ ಬರುವುದಕ್ಕೆ ಲೆಕ್ಕ ಇಲ್ಲ, ಮಾಡಿದ್ದಕ್ಕೆ ಉಂಟು. ಹುಡುಗಿಯನ್ನು ಮನೆಯಿಂದ ಓಡಿಸಲು ಯಾವ ಕಿತಾಬೂ ಹೇಳುವುದಿಲ್ಲ." ಇಷ್ಟಾದರೂ ಅವರು ಹೇಳಿದರಲ್ಲ ಅಂತ ಸಮಾಧಾನವಾಯಿತು.

ಇದು ಹರಾಮ್ ಅನ್ನಲು ಆಧಾರವಾಗಿ ತೋರಿಸುವ ಲೂತ್ ಪ್ರವಾದಿಯವರ ಕಥೆ ಅತಿಥಿಗಳ ಮೇಲಿನ ಬಲಾತ್ಕಾರದ ಬಗ್ಗೆ, ಪ್ರೀತಿಯ ಬಗ್ಗೆ ಅಲ್ಲ ಅಂತ ಓದುವವರೂ ಇದ್ದಾರೆ. ದಕ್ಷಿಣ ಆಫ್ರಿಕಾದ ಇಮಾಮ್ ಮುಹ್ಸಿನ್ ಹೆಂಡ್ರಿಕ್ಸ್ ತಾವು ಗೇ ಅಂತ ಬಹಿರಂಗವಾಗಿ ಹೇಳಿಕೊಂಡೇ ನಮಾಜಿಗೆ ನೇತೃತ್ವ ಕೊಡುತ್ತಿದ್ದರು. 2025ರ ಫೆಬ್ರವರಿಯಲ್ಲಿ ಅವರನ್ನು ಗುಂಡಿಟ್ಟು ಕೊಂದರು. ನಾನು ಮುಫ್ತಿ ಅಲ್ಲ. ಕೇಳಿದವಳಿಗೆ ಎರಡೂ ಕಡೆಯದ್ದನ್ನು ಹೇಳುತ್ತೇನೆ, ಹೆಚ್ಚಿನ ಉಲಮಾಗಳು ಯಾವ ಕಡೆ ಇದ್ದಾರೆ ಎಂಬುದನ್ನೂ ಮುಚ್ಚಿಡುವುದಿಲ್ಲ. ಸುಳ್ಳು ಸಮಾಧಾನ ಹೇಳಿ ಒಮ್ಮೆ ಕೆಟ್ಟಿದ್ದೇನೆ.

ಆದರೆ ಅವಳಿಗೆ ತುರ್ತಾಗಿ ಬೇಕಾದದ್ದು ಫತ್ವಾ ಅಲ್ಲ. ಮನೆಯಲ್ಲಿ ಆತುರದಿಂದ ಹೇಳಬೇಡ. ಡಿಗ್ರಿ ಮುಗಿಸು. ನಿನ್ನ ಹೆಸರಲ್ಲೊಂದು ಬ್ಯಾಂಕ್ ಖಾತೆ ಇರಲಿ. ಆಧಾರ್, ಮಾರ್ಕ್ಸ್‌ಕಾರ್ಡ್ ನಿನ್ನ ಕೈಯಲ್ಲಿರಲಿ. ಫೋನಿಗೆ ಲಾಕ್ ಹಾಕು. ರಾತ್ರಿ ಮನಸ್ಸು ತೀರಾ ಕೆಟ್ಟರೆ 14416ಕ್ಕೆ ಫೋನ್ ಮಾಡು, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ. ಮದುವೆಗೆ ಹೂಂ ಅನ್ನುವ ಮೊದಲು ನನ್ನನ್ನು ನೋಡು.

ಡಬ್ಬಿಯ ಕ್ರಮವನ್ನೂ ಬದಲಾಯಿಸಿದೆ. ಮೊದಲು ಬೇಕಾದವರು ಮಾತ್ರ ಬರೆಯುತ್ತಿದ್ದರು, ಯಾರು ಬರೆದರು ಅಂತ ಪಕ್ಕದವಳಿಗೆ ಗೊತ್ತಾಗುತ್ತಿತ್ತು. ಈಗ ಎಲ್ಲರಿಗೂ ಒಂದೇ ಅಳತೆಯ ಕಾಗದ, ಒಂದೇ ಥರದ ಪೆನ್ಸಿಲ್. ಪ್ರಶ್ನೆ ಇಲ್ಲದವರೂ "ಪ್ರಶ್ನೆ ಇಲ್ಲ" ಅಂತ ಬರೆದು ಹಾಕಲೇಬೇಕು. ಒಂದನ್ನು ಮೊದಲೇ ಹೇಳಿಬಿಡುತ್ತೇನೆ, 18 ತುಂಬದವರ ಮೇಲೆ ದೌರ್ಜನ್ಯ ಆಗಿದೆ ಅಂತ ತಿಳಿದರೆ ಗುಟ್ಟಾಗಿ ಇಡಲು ಪೋಕ್ಸೋ ಕಾಯ್ದೆ ಬಿಡುವುದಿಲ್ಲ. ಉಳಿದದ್ದೆಲ್ಲ ನನ್ನಲ್ಲೇ ಇರುತ್ತದೆ.

ಹೋದ ತಿಂಗಳ ಡಬ್ಬಿಯಲ್ಲಿ ಇಪ್ಪತ್ತಮೂರು ಚೀಟಿ ಇದ್ದವು. ಹದಿನಾರರಲ್ಲಿ "ಪ್ರಶ್ನೆ ಇಲ್ಲ". ಹದಿನೇಳನೆಯದರಲ್ಲಿ "ಪ್ರಶ್ನೆ ಇಲ್ಲ. ಮೇಡಂ, ನಿಮ್ಮ ನಂಬರ್ ಸಿಗಬಹುದಾ?" ನಾನು ಅದನ್ನು ಓದಿ ಹೇಳಲಿಲ್ಲ. ಎದ್ದು ಹೋಗಿ ಬೋರ್ಡಿನ ಮೇಲೆ ನನ್ನ ನಂಬರನ್ನು ದೊಡ್ಡದಾಗಿ ಬರೆದೆ. ಎಲ್ಲರೂ ಬರೆದುಕೊಳ್ಳಿ ಅಂದೆ.