ಸೀಮೆ ಬದನೆಯ ಸೀಮೆಯಲ್ಲಿ

ಮೆಕ್ಸಿಕೊ ನಗರಕ್ಕೆ ಬಂದಿಳಿದ ಮೊದಲ ವಾರ ನನ್ನ ಮನೆಯಲ್ಲಿ ಬೇಳೆ ಬೇಯಲಿಲ್ಲ. 2016ರ ಆಗಸ್ಟ್ ತಿಂಗಳು. ಕುಕ್ಕರ್ ಇನ್ನೂ ಹಡಗಿನಲ್ಲಿತ್ತು. ಪೆಟ್ಟಿಗೆಯಲ್ಲಿ ತಂದಿದ್ದ ತೊಗರಿಬೇಳೆಯನ್ನು ಒಂದು ಹಿಡಿ ತೊಳೆದು ಪಾತ್ರೆಯಲ್ಲಿಟ್ಟೆ. ಒಂದು ಗಂಟೆ ಕುದಿಯಿತು. ಬೇಳೆ ಹಾಗೆಯೇ ಗಟ್ಟಿಯಾಗಿ ನನ್ನನ್ನು ನೋಡುತ್ತಿತ್ತು. ಹಳೆಯ ಸರಕು ಕಟ್ಟಿಕೊಟ್ಟನೆಂದು ಧಾರವಾಡದ ಅಂಗಡಿಯವನನ್ನು ಮನಸಾರೆ ಬೈದೆ. ತಪ್ಪು ಅವನದಾಗಿರಲಿಲ್ಲ. ಈ ಊರು ಸಮುದ್ರಮಟ್ಟದಿಂದ 2,240 ಮೀಟರ್ ಎತ್ತರದಲ್ಲಿದೆ, ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಮುನ್ನೂರು ಮೀಟರ್ ಮೇಲೆ. ನೀರು 93 ಡಿಗ್ರಿಯ ಆಸುಪಾಸಿಗೇ ಕುದಿದುಬಿಡುತ್ತದೆ, ಆ ಬಿಸಿ ಬೇಳೆಗೆ ಸಾಲದು. ಹಡಗು ಬರುವವರೆಗೆ ಕಾಯದೆ ಮರುದಿನವೇ ಒಂದು ಕುಕ್ಕರ್ ಕೊಂಡೆ. ಇಡ್ಲಿ ಹಿಟ್ಟಿನದು ಇನ್ನೊಂದು ಗೋಳು. ರಾತ್ರಿಯ ಚಳಿಗೆ ಅದು ಉಬ್ಬುವುದೇ ಇಲ್ಲ. ಓವನ್ನಿನೊಳಗೆ ಬರೀ ದೀಪ ಹಚ್ಚಿ ಹದಿನಾಲ್ಕು ಗಂಟೆ ಇಟ್ಟರೆ ಏಳುತ್ತದೆ ಎಂಬುದು ಗೊತ್ತಾಗುವ ಹೊತ್ತಿಗೆ ನಾಲ್ಕು ಸಲ ಹಿಟ್ಟು ಚೆಲ್ಲಿಯಾಗಿತ್ತು.

ಕಾಗದಪತ್ರಗಳ ಕಥೆಯನ್ನು ಬೆಳೆಸುವುದಿಲ್ಲ. ವೀಸಾ ಹಿಡಿದು ಬಂದವರು 30 ದಿನಗಳೊಳಗೆ ವಲಸೆ ಕಚೇರಿಯಲ್ಲಿ ಅದನ್ನು ನಿವಾಸಿ ಕಾರ್ಡಿಗೆ ಬದಲಿಸಿಕೊಳ್ಳುವ ಕೆಲಸ ಶುರು ಮಾಡಬೇಕು. ಅದಕ್ಕೆ ಆಗ ಮುಂಜಾನೆ ಸಾಲಿನಲ್ಲಿ ನಿಲ್ಲಬೇಕಿತ್ತು. ಯಜಮಾನರ ಕಂಪನಿಯವರು ಜೊತೆಗೊಬ್ಬರನ್ನು ಕಳುಹಿಸಿದ್ದರು, ಬಚಾವಾದೆವು.

ನನಗೆ ಸ್ಪ್ಯಾನಿಷ್ ಕಲಿಸಿದ್ದು ಸಂತೆ. ನಾವಿದ್ದ ನರ್ವಾರ್ತೆ ಬಡಾವಣೆಯಲ್ಲಿ ವಾರಕ್ಕೊಮ್ಮೆ ಒಂದು ಬೀದಿಯನ್ನು ಮುಚ್ಚಿ ಗುಲಾಬಿ ಬಣ್ಣದ ತಾಡಪಾಲು ಕಟ್ಟುತ್ತಿದ್ದರು. ಅದಕ್ಕೆ ತಿಯಾಂಗಿಸ್ ಎನ್ನುತ್ತಾರೆ. ಸ್ಪ್ಯಾನಿಷರು ಬರುವ ಮೊದಲಿನ ನಾವಾತ್ಲ್ ಭಾಷೆಯ ಮಾತು ಅದು. ನಮ್ಮ ವಾರದ ಸಂತೆಯೇ ಸರಿ. 'ಏನು ಕೊಡಲಿ ಗ್ವೆರಿತಾ?' ಎಂದು ಈರುಳ್ಳಿಯವನು ಕೂಗಿದಾಗ ಹಿಂದೆ ತಿರುಗಿ ನೋಡಿದೆ. ಗ್ವೆರಿತಾ ಎಂದರೆ ಬಿಳಿ ಹುಡುಗಿ. ನನ್ನ ಬಣ್ಣ ಎರೆಮಣ್ಣಿನದು, ವಯಸ್ಸು ನಲವತ್ತು ದಾಟಿತ್ತು. ಅಲ್ಲಿ ಕೊಳ್ಳಲು ಬಂದವರೆಲ್ಲ ಬಿಳಿ ಹುಡುಗಿಯರೇ ಎಂದು ಆಮೇಲೆ ತಿಳಿಯಿತು.

ಆ ಸಂತೆಯಲ್ಲಿ ಮೊದಲ ದಿನ ಕಣ್ಣಿಗೆ ಬಿದ್ದದ್ದು ಸೀಮೆ ಬದನೆಕಾಯಿಯ ರಾಶಿ. ಇಷ್ಟು ದೂರದಲ್ಲೂ ನಮ್ಮದೊಂದು ತರಕಾರಿ ಸಿಕ್ಕಿತಲ್ಲ ಎಂದು ಎರಡು ಕೆಜಿ ಕಟ್ಟಿಸಿಕೊಂಡೆ. ಮನೆಯಲ್ಲಿ ಸಿಪ್ಪೆ ತೆಗೆಯುತ್ತ ಕುಳಿತಾಗ ನಗು ಬಂತು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆ ಬದನೆ: ಸೀಮೆ ಎಂದರೆ ಪರದೇಶ. ಈ ಕಾಯಿ ಹುಟ್ಟಿದ್ದು ಇದೇ ಮೆಕ್ಸಿಕೊದ ಕಡೆ. ಹೆಸರಲ್ಲಿರುವ ಆ ಸೀಮೆಯಲ್ಲೇ ಕುಳಿತು ನಾನು ಅದನ್ನು ನಮ್ಮದು ಎನ್ನುತ್ತಿದ್ದೆ. ಇಲ್ಲಿಯವರು ಅದನ್ನು ಚಯೋತೆ ಎನ್ನುತ್ತಾರೆ, ಬಳ್ಳಿಯ ಗೆಡ್ಡೆಯನ್ನೂ ಬೇಯಿಸಿ ತಿನ್ನುತ್ತಾರೆ. ಅಲ್ಲಿಂದ ಮುಂದೆ ಸಂತೆಯಲ್ಲಿ ಒಂದೊಂದನ್ನೂ ಅನುಮಾನದಿಂದ ನೋಡತೊಡಗಿದೆ. ಮೆಣಸಿನಕಾಯಿ ಇಲ್ಲಿಯದು. ಗೋವಿನಜೋಳ ಇಲ್ಲಿಯದು. ಸಪೋಟ ಇಲ್ಲಿಯದು. ಹುಣಸೆಹಣ್ಣು ಮಾತ್ರ ಆಚೆಯಿಂದ ಬಂದದ್ದು. ಅದನ್ನು ಸಕ್ಕರೆ, ಉಪ್ಪು, ಖಾರದಪುಡಿ ಹಾಕಿ ಕುಟ್ಟಿ ಉಂಡೆ ಮಾಡಿ ಮಾರುತ್ತಾರೆ. ಬಾಯಿಗಿಟ್ಟೆ, ಶಾಲೆಯ ಗೇಟಿನ ಮುಂದೆ ಚೀಪಿದ ಚಿಗಳಿ, ಜೀರಿಗೆಯೊಂದು ಕಡಿಮೆ. ಕೆಂಪು ಶರಬತ್ತಿಗೆಂದು ಹಮಾಯ್ಕಾ ಎಂಬ ಒಣಹೂವನ್ನು ಮೂಟೆಗಟ್ಟಲೆ ಇಟ್ಟಿದ್ದರು. ಮೂಸಿದರೆ ಪುಂಡಿಯ ಹುಳಿ. ಸೊಪ್ಪು ಮಾತ್ರ ಯಾರೂ ತಿನ್ನುವುದಿಲ್ಲ, ಕೇಳಿದರೆ ವಿಚಿತ್ರವಾಗಿ ನೋಡುತ್ತಾರೆ.

ಸಸ್ಯಾಹಾರಿಗಳಿಗೆ ಒಂದು ಮಾತು. ಮಾಂಸವಿಲ್ಲದ್ದು ಕೊಡಿ ಎನ್ನಲು 'ಸಿನ್ ಕಾರ್ನೆ' ಎಂದು ಕಲಿತುಕೊಂಡು ಹೋದೆ. ಕೋಳಿ ಬಂತು. ಅನೇಕರ ಲೆಕ್ಕದಲ್ಲಿ ಕಾರ್ನೆ ಎಂದರೆ ದನದ್ದೋ ಹಂದಿಯದೋ, ಕೋಳಿ ಕೋಳಿಯೇ. ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರುತ್ತಾರೆ, ಹುರುಳಿಯಂತೆ ಕಾಣುವ ಅವರ ಕಾಳಿನ ಪಲ್ಯಕ್ಕೆ ಹಂದಿಯ ಕೊಬ್ಬು ಬಿದ್ದಿರುತ್ತದೆ. ಒಂದೊಂದನ್ನೂ ಹೆಸರಿಟ್ಟು ಕೇಳಬೇಕು: ಕೋಳಿ ಬೇಡ, ಸಾರು ಬೇಡ, ಮಾಂತೆಕಾ ಎಂಬ ಆ ಕೊಬ್ಬು ಬೇಡ. ಇಷ್ಟೆಲ್ಲ ಬೇಡವೆಂದ ಮೇಲೆ ಇವಳು ಬದುಕುವುದು ಹೇಗೆಂದು ಅವರಿಗೆ ಮರುಕ ಬಂದು, ಒಂದು ತುಂಡು ಚೀಸ್ ಹೆಚ್ಚಿಗೆ ಹಾಕುತ್ತಾರೆ.

ನನ್ನನ್ನು ಬದುಕಿಸಿದ್ದು ಬೀದಿ ಮೂಲೆಯ ತ್ಲಕೊಯೊ. ಹೆಂಗಸೊಬ್ಬಳು ಇದ್ದಿಲ ಒಲೆಯ ಮೇಲೆ ಕೊಮಾಲ್ ಇಟ್ಟು ಕೂರುತ್ತಿದ್ದಳು. ಕೊಮಾಲ್ ಎಂದರೆ ನಮ್ಮ ಹಂಚು. ನೀಲಿ ಗೋವಿನಜೋಳದ ಹಿಟ್ಟಿನ ಉಂಡೆಯನ್ನು ಅಂಗೈಯಲ್ಲಿ ತಟ್ಟಿ, ನಡುವೆ ರುಬ್ಬಿದ ಕಾಳಿನ ಹೂರಣವಿಟ್ಟು, ಅಂಚು ಮಡಚಿ, ದೋಣಿಯ ಆಕಾರಕ್ಕೆ ತಟ್ಟುತ್ತಿದ್ದಳು. ಎಣ್ಣೆಯ ಹನಿಯಿಲ್ಲ. ಮೇಲೆ ಹೆಚ್ಚಿದ ಪಾಪಾಸುಕಳ್ಳಿಯ ಪಲ್ಯ, ಹಸಿರು ಚಟ್ನಿ. ಹೋಳಿಗೆಯ ಕೈಚಳಕದಲ್ಲಿ ಖಾರದ ರೊಟ್ಟಿ ಎನ್ನಿ. ಮೂರು ವಾರ ನಿಂತು ನೋಡಿದ ಮೇಲೆ, ನಾನೊಂದು ತಟ್ಟಲೇ ಎಂದು ಕೈಸನ್ನೆ ಮಾಡಿ ಕೇಳಿದೆ. ಉಂಡೆ ಕೊಟ್ಟಳು.

ಜೋಳದ ರೊಟ್ಟಿ ಬಡಿದ ಕೈ ನನ್ನದು, ಜಂಬವಿತ್ತು. ಆದರೆ ಈ ಹಿಟ್ಟು ಬೇರೆಯೇ. ನಮ್ಮ ಬಿಳಿಜೋಳದ ಹಿಟ್ಟಿಗೆ ಕುದಿಯುವ ಎಸರು ಹೊಯ್ದು ನಾದದಿದ್ದರೆ ಅಂಚು ಒಡೆಯುತ್ತದೆ. ಇದಕ್ಕೆ ತಣ್ಣೀರೇ ಸಾಕು, ಮೇಣದ ಹಾಗೆ ಹೇಳಿದಂತೆ ಕೇಳುತ್ತದೆ. ಬೆರಳು ಮೂಸಿದೆ. ಯುಗಾದಿಯ ಮುಂಚೆ ಗೋಡೆಗೆ ಬಳಿದ ಸುಣ್ಣದ ವಾಸನೆ! ಗುಟ್ಟು ಅದೇ. ಗೋವಿನಜೋಳದ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ನೆನೆಸಿ, ಸಿಪ್ಪೆ ತೊಳೆದು, ಹಸಿಯಾಗಿಯೇ ರುಬ್ಬುತ್ತಾರೆ. ಹಿಟ್ಟಿಗೆ ಅಂಟು ಬರುವುದಷ್ಟೇ ಅಲ್ಲ, ಕಾಳಿನೊಳಗಿನ ನಯಾಸಿನ್ ಎಂಬ ಜೀವಸತ್ವ ಮೈಗೆ ಹತ್ತುವುದೂ ಸುಣ್ಣದಿಂದಲೇ. ಗೋವಿನಜೋಳವನ್ನು ಯುರೋಪಿಗೆ ಕೊಂಡೊಯ್ದವರು ಸುಣ್ಣವನ್ನು ಇಲ್ಲೇ ಬಿಟ್ಟುಹೋದರು. ಅದನ್ನೇ ತಿಂದು ಬದುಕಿದ ಬಡವರಿಗೆ ಪೆಲಾಗ್ರಾ ರೋಗ ಬಂತು. ನನ್ನ ಮೊದಲ ತ್ಲಕೊಯೊ ರೊಟ್ಟಿಯಷ್ಟು ಅಗಲವಾಗಿ ಹೂರಣ ಹೊರಬಂತು. ಅವಳು ಒಂದು ಮಾತೂ ಆಡದೆ ಅದನ್ನು ಬೇಯಿಸಿ ನನಗೇ ಕೊಟ್ಟು, ಪೂರಾ ದುಡ್ಡು ತೆಗೆದುಕೊಂಡಳು.

ದಿನದ ಗಳಿಗೆಗಳು ಸದ್ದಿನಿಂದ ಗೊತ್ತಾಗುತ್ತಿದ್ದವು. ಬೆಳಿಗ್ಗೆ ಕೈಗಂಟೆ ಬಾರಿಸಿಕೊಂಡು ಒಬ್ಬ ಬಂದರೆ ಹಿಂದೆಯೇ ಕಸದ ಲಾರಿ. ನಾನು ಮೊದಲ ದಿನ ಪೂಜಾರಿಯೇನೋ ಎಂದುಕೊಂಡಿದ್ದೆ. ಆಮೇಲೆ 20 ಲೀಟರಿನ ನೀರಿನ ಕ್ಯಾನಿನವನು, ಆಮೇಲೆ ಗ್ಯಾಸಿನವನು. ಮಧ್ಯಾಹ್ನ ಹಳೆ ಸಾಮಾನಿನ ಗಾಡಿ: ಹಾಸಿಗೆ, ಫ್ರಿಜ್, ಒಲೆ, ಹಳೆ ಕಬ್ಬಿಣ ಕೊಳ್ಳುತ್ತೇವೆ ಎಂದು ಪುಟ್ಟ ಹುಡುಗಿಯ ರೆಕಾರ್ಡ್ ಮಾಡಿದ ದನಿ, ಇಡೀ ನಗರಕ್ಕೆ ಅದೊಂದೇ ದನಿ. ಸಂಜೆ ಬೇಯಿಸಿದ ಸಿಹಿಗೆಣಸಿನ ಗಾಡಿಯ ಹಬೆಯ ಸೀಟಿ, ರೈಲಿನಷ್ಟು ಜೋರು. ಇನ್ನೊಂದು ಸದ್ದು ಇತ್ತು, ಕಂಬಗಳ ಮೇಲಿನ ಭೂಕಂಪದ ಎಚ್ಚರಿಕೆಯದು.

2017ರ ಸೆಪ್ಟೆಂಬರ್ 19, ಮಂಗಳವಾರ. 1985ರ ಇದೇ ದಿನದ ಮಹಾ ಭೂಕಂಪದ ನೆನಪಿಗೆ ಬೆಳಿಗ್ಗೆ 11ಕ್ಕೆ ಊರಿಗೆಲ್ಲ ಅಣಕು ತಾಲೀಮು. ನಾವೂ ಇಳಿದು ಬೀದಿಯಲ್ಲಿ ನಿಂತು ಹರಟೆ ಹೊಡೆದು ಮೇಲೆ ಬಂದೆವು. 1 ಗಂಟೆ 14 ನಿಮಿಷಕ್ಕೆ ಕುಕ್ಕರ್ ಎರಡನೆಯ ಸೀಟಿ ಹಾಕುತ್ತಿತ್ತು. ಗೋಡೆಯ ಗಡಿಯಾರ ಬಿತ್ತು, ಆಮೇಲೆ ಸೈರನ್ ಕೇಳಿಸಿತು. ದೂರದ ಕರಾವಳಿಯಲ್ಲಿ ನಡುಗಿದರೆ ಸೈರನ್ ಮೊದಲೇ ಕೂಗಿ ಓಡಲು ಅರ್ಧ-ಒಂದು ನಿಮಿಷ ಸಿಗುತ್ತದೆ; ಅಂದಿನದು ಪಕ್ಕದ ಪ್ಯೂಬ್ಲಾ ಕಡೆಯದು, ಬಿಡುವೇ ಕೊಡಲಿಲ್ಲ. ಗ್ಯಾಸ್ ಆರಿಸಿದ್ದೊಂದು ನೆನಪಿದೆ. ಮೆಟ್ಟಿಲಲ್ಲಿ ಮೇಲ್ಮನೆಯ ಸೆನ್ಯೋರಾ, ಎಪ್ಪತ್ತು ದಾಟಿದವರು, ನನ್ನ ಮೊಣಕೈ ಹಿಡಿದುಕೊಂಡು 'ನಿಧಾನ ಮಿಹಾ, ನಿಧಾನ' ಎನ್ನುತ್ತಿದ್ದರು. ಮಿಹಾ ಎಂದರೆ ನನ್ನ ಮಗಳೇ. ನಾನು ಅವರನ್ನು ಇಳಿಸುತ್ತಿದ್ದೇನೆ ಎಂದುಕೊಂಡಿದ್ದೆ.

ನಾಲ್ಕೈದು ಬೀದಿಯಾಚೆ ಒಂದು ಕಟ್ಟಡ ಕುಸಿದಿತ್ತು. ಅವಶೇಷದ ಮೇಲೆ ನಿಂತವರು ಮುಷ್ಟಿ ಎತ್ತಿದರೆ ನೂರಾರು ಜನ ಉಸಿರು ಬಿಗಿಹಿಡಿದು ಸುಮ್ಮನಾಗಬೇಕು, ಒಳಗಿನಿಂದ ದನಿ ಬಂದೀತೆಂದು. ಬೀದಿಯವರೆಲ್ಲ ಕೆಲಸಗಾರರಿಗೆ ಊಟ ಕಟ್ಟುತ್ತಿದ್ದರು. ನಾನು ರಾತ್ರಿ ಅರವತ್ತು ಚಪಾತಿ ಮಾಡಿ ಆಲೂಗಡ್ಡೆ ಪಲ್ಯ ಸುತ್ತಿ ಕಳುಹಿಸಿದೆ. ಹೆಲ್ಮೆಟ್ ಹಾಕಿದ ಹುಡುಗನೊಬ್ಬ ತಿಂದು, ತಾಕೊ ಚೆನ್ನಾಗಿದೆ, ಟೋರ್ಟಿಯಾ ಮಾತ್ರ ಸ್ವಲ್ಪ ದಪ್ಪ ಎಂದ.

ಅಕ್ಟೋಬರ್ ಕೊನೆಗೆ ಸೆನ್ಯೋರಾ ನನ್ನನ್ನು ಹೂವಿನ ಮಾರುಕಟ್ಟೆಗೆ ಕರೆದೊಯ್ದರು, ಅದರ ಹೆಸರೂ ಹಮಾಯ್ಕಾ. ಹಿಂದಿನ ವರ್ಷದ ದೀಪಾವಳಿ ಅಕ್ಟೋಬರ್ 30ಕ್ಕೆ ಬಿದ್ದಾಗ ಊರೆಲ್ಲ ಚೆಂಡುಹೂ ಕಂಡು ನಾನು ಹಿಗ್ಗಿದ್ದೆ. ಆ ಹೂ ಸತ್ತವರಿಗೆ, ಅದೂ ಇಲ್ಲಿಯದೇ. ನವೆಂಬರ್ 1, 2ರಂದು ಹಿರಿಯರು ಮನೆಗೆ ಬರುತ್ತಾರೆ. ಫೋಟೊ ಇಟ್ಟು, ಮೋಂಬತ್ತಿ, ನೀರು, ಉಪ್ಪು, ಅವರಿಗೆ ಇಷ್ಟವಾದ ತಿನಿಸು ಇಡಬೇಕು. ನಮ್ಮ ಮಹಾಲಯದ ಎಡೆ ನೋಡಿದವರಿಗೆ ವಿವರಿಸಬೇಕಿಲ್ಲ. ನಿನ್ನವರದ್ದೂ ಫೋಟೊ ತಾ ಎಂದರು. ಹಿಂದಿನ ಚಳಿಗಾಲದಲ್ಲಿ ಅಪ್ಪ ಹೋಗಿದ್ದರು, ನಾನು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಹಳದಿ ಪೇಟದ ಅಪ್ಪನ ಫೋಟೊವನ್ನು ಸೆನ್ಯೋರಾರ ಗಂಡನ ಫೋಟೊದ ಪಕ್ಕದಲ್ಲಿಟ್ಟೆವು. ಅವರ ಗಂಡನ ಮುಂದೆ ಒಂದು ಸಣ್ಣ ಲೋಟ ಟಕೀಲಾ, ಅಪ್ಪನ ಮುಂದೆ ರೊಟ್ಟಿ ಮತ್ತು ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ.

ಮೂರನೆಯ ದಿನ ಎಡೆ ತೆಗೆಯಲು ಹೋದರೆ ಹಿಂಡಿಯ ಬಟ್ಟಲು ಬರಿದಾಗಿತ್ತು. ಮೊಮ್ಮಗ ಟೋರ್ಟಿಯಾಕ್ಕೆ ಉದುರಿಸಿಕೊಂಡು ತಿಂದಿದ್ದ. ಮಾಡುವುದು ಹೇಗೆಂದು ಸೆನ್ಯೋರಾ ಕಾಗದ ಪೆನ್ನು ಹಿಡಿದು ಕುಳಿತರು. ಹುರಿದ ಶೇಂಗಾ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಬರೆಸಿದೆ. ಖಾರಕ್ಕೆ ಆರ್ಬೊಲ್ ಮೆಣಸಿನಕಾಯಿ ನಾಲ್ಕು. ಬರೀ ಅದನ್ನು ಹಾಕಿದರೆ ಬ್ಯಾಡಗಿಯ ಬಣ್ಣ ಬರುವುದಿಲ್ಲ. ಬೀಜ ತೆಗೆದ ಗ್ವಾಹೀಯೊ ಮೆಣಸಿನಕಾಯಿ ಎರಡು ಸೇರಿಸಬೇಕು, ಅವನ್ನು ಹಂಚಿನ ಮೇಲೆ ಅರೆಗಳಿಗೆಗಿಂತ ಹೆಚ್ಚು ಬಿಡಬಾರದು, ಕಹಿಯಾಗುತ್ತದೆ.