ಚಮಚ, ಬೀಗದ ಕೈ, ಗೋಡೆ ಗಡಿಯಾರ

ಮಕ್ಕಳ ವಾರ್ಡಿಗೆ ಬಂದ ಹೊಸದರಲ್ಲಿ ಒಂದು ತಪ್ಪು ಮಾಡಿದ್ದೆ. ತಾಲ್ಲೂಕು ಆಸ್ಪತ್ರೆ, ಮಳೆಗಾಲ, ರಾತ್ರಿ ಪಾಳಿ. ಜ್ವರದಲ್ಲಿದ್ದ ಒಂದೂವರೆ ವರ್ಷದ ಮಗುವಿಗೆ ಫಿಟ್ಸ್ ಬಂತು. ಕಣ್ಣು ಮೇಲೆ ಹೋಗಿತ್ತು, ಕೈಕಾಲು ಅದುರುತ್ತಿದ್ದವು, ತುಟಿ ನೀಲಿಯಾಗುತ್ತಿತ್ತು. ಬದಿಗೆ ಮಲಗಿಸಿದೆ, ಆಕ್ಸಿಜನ್ ಇಟ್ಟೆ. ಡಾಕ್ಟರ್ ಓಡಿ ಬಂದು ಕೇಳಿದ್ದು ಒಂದೇ ಮಾತು: "ಎಷ್ಟು ನಿಮಿಷ ಆಯ್ತು?"

"ಹತ್ತು ಆಗಿರಬಹುದು ಸರ್" ಅಂದೆ. ಪಕ್ಕದ ಮಂಚದ ಮಗುವಿನ ಅಪ್ಪ ಮೊಬೈಲ್ ನೋಡಿ, "ಇಲ್ಲ ಸಿಸ್ಟರ್, ಇನ್ನೂ ಮೂರು ಆಗಿಲ್ಲ" ಅಂದರು. ನಾಚಿಕೆಯಾಯಿತು.

ಇದು ಬರೀ ಲೆಕ್ಕದ ಮಾತಲ್ಲ. ಜ್ವರದ ಫಿಟ್ಸ್ ಹೆಚ್ಚಿನ ಮಕ್ಕಳಲ್ಲಿ 5 ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ. 5 ದಾಟಿದರೆ ನಿಲ್ಲಿಸಲು ಔಷಧಿ ಕೊಡಬೇಕು. ನಮ್ಮಲ್ಲಿ ಮೂಗಿಗೆ ಮಿಡಜೋಲಮ್ ಸ್ಪ್ರೇ, ರಕ್ತನಾಳಕ್ಕೆ ಸೂಜಿ ಹಾಕಲು ಆಗಿದ್ದರೆ ಅದರ ಮೂಲಕ ಲೊರಜೆಪಾಮ್. 15 ನಿಮಿಷ ಮೀರಿದರೆ, 24 ಗಂಟೆಯೊಳಗೆ ಮತ್ತೆ ಬಂದರೆ, ಅಥವಾ ಒಂದೇ ಕಡೆಯ ಕೈಕಾಲು ಎಳೆದರೆ ಡಾಕ್ಟರ್ ಬೇರೆ ಕಾರಣ ಹುಡುಕುತ್ತಾರೆ. ಹೆದರಿದವರಿಗೆ ಒಂದು ನಿಮಿಷ ಹತ್ತಾಗಿ ಕಾಣುತ್ತದೆ, ನರ್ಸ್ ಆದರೂ ಅಷ್ಟೇ. ಹಾಗಾಗಿ ಈಗ ನಾನು ಮೊದಲು ಗೋಡೆ ಕಡೆ ನೋಡುತ್ತೇನೆ. "ಹನ್ನೊಂದೂ ಇಪ್ಪತ್ತು!" ಅಂತ ಜೋರಾಗಿ ಕೂಗುತ್ತೇನೆ. ನಾನು ಮರೆತರೂ ವಾರ್ಡಿನಲ್ಲಿ ಯಾರಿಗಾದರೂ ನೆನಪಿರುತ್ತದೆ.

ಆಮೇಲೆ ಕೈಗೆ ಕೆಲಸ. ಬದಿಗೆ ಮಲಗಿಸಿ, ಕುತ್ತಿಗೆಯ ಗುಂಡಿ ಬಿಚ್ಚಿ, ಜೊಲ್ಲು ಹೊರಗೆ ಹರಿಯಲು ಬಿಡುತ್ತೇನೆ. ಬೆರಳು ಚುಚ್ಚಿ ಸಕ್ಕರೆ ನೋಡುತ್ತೇನೆ. ಕೈಕಾಲು ಅದುಮಿ ಹಿಡಿಯುವುದಿಲ್ಲ, ಬಾಯಿಗೆ ಏನೂ ಹಾಕುವುದಿಲ್ಲ. ಹೊಸದಾಗಿ ಸೇರಿದ ಹುಡುಗಿಯರಿಗೆ ಇದೇ ಕಷ್ಟ. ಅದುರುವ ಮಗುವಿನ ಪಕ್ಕ ಸುಮ್ನೆ ನಿಂತು ನೋಡೋದು ಹೇಗೆ ಸಿಸ್ಟರ್ ಅಂತಾರೆ. ಯಾವ ಕೈ ಮೊದಲು ಅದುರಿತು, ಕಣ್ಣು ಯಾವ ಕಡೆ ತಿರುಗಿತ್ತು ಅಂತ ನೋಡೋದೂ ಕೆಲಸವೇ ಅಲ್ವಾ? ಫಿಟ್ಸ್ ನಿಂತ ಮೇಲೆ ಮಗು ಮಂಪರಿನಲ್ಲಿ ಮಲಗುತ್ತದೆ. ಪೂರ್ತಿ ಎಚ್ಚರವಾಗುವ ತನಕ ನೀರಿಲ್ಲ, ಹಾಲಿಲ್ಲ. ತುಂಬಾ ಹೊತ್ತು ಏಳದಿದ್ದರೆ, ಕುತ್ತಿಗೆ ಬಿಗಿಯಾಗಿದ್ದರೆ ಡಾಕ್ಟರನ್ನು ಮತ್ತೆ ಕರೆಯುತ್ತೇನೆ. ಮೆದುಳು ಜ್ವರದ ಭಯ.

ಒಂದು ಸಲ ಹಳ್ಳಿಯಿಂದ ಎರಡು ವರ್ಷದ ಹುಡುಗಿಯನ್ನು ಕರೆತಂದರು. ಫಿಟ್ಸ್ ಆಗಲೇ ನಿಂತಿತ್ತು, ಆದರೆ ತುಟಿ ಹರಿದಿತ್ತು, ಒಂದು ಹಾಲುಹಲ್ಲು ಅಲುಗಾಡುತ್ತಿತ್ತು. ಅಜ್ಜಿ ಹಲ್ಲಿನ ನಡುವೆ ಚಮಚ ತುರುಕಿದ್ದರು. ಮಗುವಿನ ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು, ಮೂಗಿನ ಹತ್ತಿರ ಈರುಳ್ಳಿ ವಾಸನೆ. ಮೈಗೆ ಸ್ವೆಟರ್, ತಲೆಗೆ ಕುಲಾವಿ, ಮೇಲೊಂದು ಕಂಬಳಿ. ಜ್ವರ 103! ಮೊದಲೆಲ್ಲ ನಾನು ಬೈಯುತ್ತಿದ್ದೆ. ಬೈದರೆ ಮುಂದಿನ ಸಲ ಏನು ಮಾಡಿದೆವು ಅಂತ ಮುಚ್ಚಿಡುತ್ತಾರೆ, ಅಷ್ಟೇ. ಬಟ್ಟೆ ಸಡಿಲ ಮಾಡಿ, "ಅಜ್ಜಿ, ನಾಲಿಗೆ ಯಾರೂ ನುಂಗಲ್ಲ. ಚಮಚ ಮಾತ್ರ ಬೇಡ" ಅಂದೆ.

ಅಮ್ಮ ಅಳುತ್ತಿದ್ದಳು. ಸಿರಪ್ ಕೊಡೋದು ತಡ ಆಯ್ತು, ಅದಕ್ಕೇ ಬಂತು ಅಂತ. ಪ್ಯಾರಾಸಿಟಮಾಲ್ ಸಿರಪ್ಪಿನಿಂದ ಮಗುವಿಗೆ ಸ್ವಲ್ಪ ಹಾಯೆನಿಸುತ್ತದೆ, ಅದು ಫಿಟ್ಸ್ ತಡೆಯುವುದಿಲ್ಲ. ಇದನ್ನು ನೇರವಾಗಿ ಹೇಳುತ್ತೇನೆ. ಹೇಳದಿದ್ದರೆ ಅವರು ಹೆದರಿ ಜಾಸ್ತಿ ಕೊಡುತ್ತಾರೆ. ಬಾಟಲಿಗಳ ಗೊಂದಲ ಬೇರೆ. 10 ಕೆಜಿ ಮಗುವಿಗೆ 150 ಮಿಲಿಗ್ರಾಂ ಅಂದರೆ 5 ಎಂಎಲ್‌ಗೆ 125 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 6 ಎಂಎಲ್, 5 ಎಂಎಲ್‌ಗೆ 250 ಇರುವುದರಲ್ಲಿ 3 ಎಂಎಲ್, 1 ಎಂಎಲ್‌ಗೆ 100 ಇರುವ ಡ್ರಾಪ್ಸಿನಲ್ಲಿ ಒಂದೂವರೆ ಎಂಎಲ್. ಮನೆಯಲ್ಲಿರುವ ಬಾಟಲಿಯನ್ನೇ ತರಿಸಿ, ಅಳತೆ ಮುಚ್ಚಳದ ಮೇಲೆ ಪೆನ್ನಿನಿಂದ ಗೆರೆ ಎಳೆದು ಕೊಡುತ್ತೇನೆ.

ಡಿಸ್ಚಾರ್ಜ್ ದಿನ ಮಗು ನಿದ್ದೆಯಲ್ಲಿದ್ದಾಗ ಅಮ್ಮನ ಕೈಯಲ್ಲೇ ಬದಿಗೆ ತಿರುಗಿಸಿ ಅಭ್ಯಾಸ ಮಾಡಿಸಿದೆ. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ಇದು ಬರುತ್ತದೆ. ಒಮ್ಮೆ ಬಂದ ಮಕ್ಕಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮತ್ತೆ ಬರುತ್ತದೆ, ಇಂಥದ್ದರಿಂದ ಬುದ್ಧಿಗೆ ಏನೂ ಆಗುವುದಿಲ್ಲ ಅಂದೆ. ಬಂದರೆ ಹೊತ್ತು ನೋಡು, ಒಬ್ಬರು ವಿಡಿಯೋ ಮಾಡಿ, 5 ನಿಮಿಷ ಆದರೂ ನಿಲ್ಲದಿದ್ದರೆ 108 ಅಂದೆ.

ನಾಲ್ಕು ತಿಂಗಳ ಮೇಲೆ ಮತ್ತೆ ಬಂತು. ಅಮ್ಮ ಮೊಬೈಲ್ ಕೊಟ್ಟಳು. ವಿಡಿಯೋದಲ್ಲಿ ಮಗು ಬದಿಗೆ ಮಲಗಿದೆ. ಗಡಿಯಾರ ನೋಡಲು ಬಾರದ ಅಜ್ಜಿ ಹಿಂದೆ ನಿಂತು ಗಟ್ಟಿಯಾಗಿ ಎಣಿಸುತ್ತಿದ್ದಾರೆ: "ಎಪ್ಪತ್ತೆಂಟು, ಎಪ್ಪತ್ತೊಂಬತ್ತು, ಎಂಬತ್ತು..." ತೊಂಬತ್ತಾರಕ್ಕೆ ನಿಂತಿತ್ತು. ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ಇದ್ದೇ ಇತ್ತು. ಇರಲಿ ಬಿಡಿ, ಬಾಯಲ್ಲಿ ಚಮಚ ಇರಲಿಲ್ಲ.