ಮೆರವಣಿಗೆ ಬಿಟ್ಟು ಶೂ ಬಗ್ಗೆ ಕೇಳಿದೆ

ವಯಸ್ಸಾದವರ ನೆನಪು ರೆಕಾರ್ಡ್ ಮಾಡುವವರಿಗೆ ಈ ಕಾಟ ಗೊತ್ತೇ ಇದೆ. ದೊಡ್ಡ ಘಟನೆ ಬಗ್ಗೆ ಕೇಳಿದರೆ ಪೇಪರಿನಲ್ಲಿ ಓದಿದ್ದನ್ನೇ ಒಪ್ಪಿಸುತ್ತಾರೆ.

ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂನಲ್ಲಿ 1963ರ ಜೂನ್ 23ರಂದು ಕಪ್ಪು ಜನರ ಹಕ್ಕುಗಳಿಗಾಗಿ ಸುಮಾರು 1,25,000 ಜನ ಮೆರವಣಿಗೆಯಲ್ಲಿ ನಡೆದರು. ಕೊನೆಗೆ ಕೋಬೋ ಸಭಾಂಗಣದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ 'ನನಗೊಂದು ಕನಸಿದೆ' ಮಾತು ಆಡಿದರು, ವಾಷಿಂಗ್ಟನ್‌ನ ಹೆಸರಾಂತ ಮೆರವಣಿಗೆ, ಭಾಷಣಕ್ಕಿಂತ ಎರಡು ತಿಂಗಳು ಮೊದಲೇ. ಆದರೂ ನಾನು ಮಾತಾಡಿಸಿದ ಹೆಚ್ಚಿನವರು ಟಿವಿಯಲ್ಲಿ ಕಂಡ ವಾಷಿಂಗ್ಟನ್ನನ್ನೇ ಹೇಳುತ್ತಿದ್ದರು. ಮೋಟೌನ್ ಸಂಗೀತ ಕಂಪನಿ ಹೊರತಂದ ಡೆಟ್ರಾಯಿಟ್ ಭಾಷಣದ ರೆಕಾರ್ಡ್ ಹಾಕಿ ನೋಡಿದೆ. ಇನ್ನೂ ಕೆಟ್ಟಿತು. ಅಜ್ಜಂದಿರು ಭಾಷಣಕ್ಕೇ ದನಿಗೂಡಿಸತೊಡಗಿದರು!

ಆಮೇಲೆ ಅವರನ್ನು ಕಾರಿನಲ್ಲಿ ಕೂರಿಸಿಕೊಂಡು ಅದೇ ಬೀದಿಯಲ್ಲಿ ನಿಧಾನವಾಗಿ ಹೊರಟೆ. ಕನ್ನಡ ಕೂಟದ ಗೆಳೆಯರು ನಕ್ಕರು. 'ಅಲ್ಲಿ ಈಗ ಏನು ಉಳಿದಿದೆ ಮಾರಾಯ?' ಅಂದರು. ಉಳಿಯದೆ ಇದ್ದದ್ದೇ ನನಗೆ ಲಾಭವಾಯಿತು. ಹಡ್ಸನ್ಸ್ ಅಂಗಡಿಯ ದೊಡ್ಡ ಕಟ್ಟಡವನ್ನು 1998ರಲ್ಲಿ ಉರುಳಿಸಿದ್ದಾರೆ. ಆ ಮೂಲೆಗೆ ಬಂದ ಕೂಡಲೇ 'ಅಯ್ಯೋ, ಇಲ್ಲೇ ಇತ್ತಲ್ಲ' ಅಂತ ಬಾಯಿ ಬಿಡುತ್ತಿದ್ದರು. ಆಗ ಮೆರವಣಿಗೆ ಮಾತೇ ಎತ್ತದೆ, 'ಅವತ್ತು ಯಾವ ಶೂ ಹಾಕಿದ್ದಿರಿ?' ಅಂತ ಕೇಳುತ್ತಿದ್ದೆ. ಅವತ್ತು ಭಾನುವಾರ. ಚರ್ಚಿನ ಬಟ್ಟೆಯಲ್ಲೇ ಬಂದವರು ಜಾಸ್ತಿ. ಹೀಲ್ಸ್ ಕಚ್ಚಿದ್ದು, ತಂಗಿಯನ್ನು ಹೆಗಲ ಮೇಲೆ ಹೊತ್ತದ್ದು, ಯಾರೋ ನೀರು ಕೊಟ್ಟದ್ದು ಎಲ್ಲ ಬಂತು. ಇವು ಯಾವ ಪೇಪರಿನಲ್ಲೂ ಇರಲಿಲ್ಲ. ಶೂ ಆದಮೇಲೆ ಕೇಳುವ ಪ್ರಶ್ನೆ ಇನ್ನೊಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಹೇಳಿದ ನೆನಪು ಅವತ್ತಿನದೇನಾ ಅಂತ ತಾಳೆ ನೋಡಲು ಟ್ರಾಮ್ ಚೆನ್ನಾಗಿ ಒದಗುತ್ತದೆ. ಮೆರವಣಿಗೆಗೆ ಟ್ರಾಮ್‌ನಲ್ಲಿ ಬಂದೆ ಅಂತ ಒಬ್ಬರು ಹಟ ಹಿಡಿದರು. ಈ ಬೀದಿಯ ಹಳೇ ಟ್ರಾಮ್ 1956ರಲ್ಲೇ ನಿಂತಿತ್ತು, ಈಗ ಓಡುವುದು 2017ರ ಹೊಸದು. ಕೆದಕಿದಾಗ ಅದು ಅಪ್ಪನ ಜೊತೆ ಅಂಗಡಿಗೆ ಬಂದ ನೆನಪು ಅಂತ ತಿಳಿಯಿತು. ಎಸೆಯಲಿಲ್ಲ, ಬೀದಿಯ ಫೈಲಿಗೆ ಹಾಕಿದೆ. ಈಗ ಆ ಫೈಲೇ ಮೆರವಣಿಗೆಯ ಫೈಲಿಗಿಂತ ದಪ್ಪ.

ದುಡ್ಡಿನ ವಿಷಯ. ರೆಕಾರ್ಡರ್, ಎರಡು ಕಾಲರ್ ಮೈಕು ಸೇರಿ ಮುನ್ನೂರು ಡಾಲರ್ ಆಸುಪಾಸು. ಅದಕ್ಕಿಂತ ಜಾಸ್ತಿ ಹೋಗಿದ್ದು ರೆಕಾರ್ಡಿಂಗ್ ಕೇಳಿ ಬರೆದುಕೊಡುವವರಿಗೆ. ಅನುದಾನ ಕೇಳಿದ ಕಡೆ 'ವಿಧಾನ ಸ್ಪಷ್ಟವಿಲ್ಲ' ಅಂದರು. ಈಗ ಅಲ್ಲಿಂದಲೇ ಒಬ್ಬರು ನನ್ನ ಪ್ರಶ್ನೆಗಳ ಪಟ್ಟಿ ಕೇಳಿದ್ದಾರೆ. ಪೆಟ್ರೋಲ್ ಖರ್ಚಿನ ಬಿಲ್ಲನ್ನೂ ಜೊತೆಗೆ ಕಳಿಸಿದ್ದೇನೆ.